ಆ ಪದ ನನ್ನಿಂದ ಹೇಳಿಸಬೇಡಿ!

"ಆ ಪದ ಬೇಡ ಮಿಸ್... ನಾನು ಹೇಳೋದಿಲ್ಲ!"

ಡೊಂಬಿವ್ಲಿ ಪೂರ್ವದ ಆ ಪುಟ್ಟ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಎಲ್ಲರೂ ಹಿಂದಿರುಗಿ ನೋಡಿದರು. ಕೊನೆಯ ಬೆಂಚಿನಲ್ಲಿ ಹೊಸದಾಗಿ ಸೇರಿದ್ದ ರಂಜನ್ ಎದ್ದು ನಿಂತಿದ್ದ. ಹಣೆಯಲ್ಲಿ ಬೆವರು.

ಬೋರ್ಡಿನ ಮೇಲೆ ಪ್ರಣೀತಾ ಬರೆದದ್ದು ಒಂದೇ ಪದ... ಎಕ್‌ಸ್ಟ್ಯಾಟಿಕ್! ಚಹಾ ಚೆನ್ನಾಗಿದ್ದರೆ 'ಹ್ಯಾಪಿ' ಸಾಕು, ಆನಂದದಿಂದ ಕಾಲು ನೆಲದ ಮೇಲೆ ನಿಲ್ಲದಿದ್ದಾಗ ಮಾತ್ರ ಈ ಪದ ಎಂದು ಅವಳು ವಿವರಿಸಿದ್ದಳು. ಕುಶಲ ಎನ್ನುವವನು, "ಐ ವಾಸ್ ಎಕ್‌ಸ್ಟ್ಯಾಟಿಕ್ ವೆನ್ ಐ ಗಾಟ್ ವಿಂಡೋ ಸೀಟ್ ಇನ್ ಫಾಸ್ಟ್ ಲೋಕಲ್!" ಎಂದು ಎಲ್ಲರನ್ನೂ ನಗಿಸಿದ್ದ.

"ಒಂದು ವಾಕ್ಯ ಅಷ್ಟೇ ಅಲ್ವಾ? ಯಾಕೆ ಭಯ?" ಪ್ರಣೀತಾ ಕೇಳಿದಳು.

"ಖುಷೀನ ಬಾಯಿ ಬಿಟ್ಟು ಹೇಳಿದ್ರೆ ಕಣ್ಣು ಬೀಳ್ತದೆ ಮಿಸ್. ಅಮ್ಮ ಆಸ್ಪತ್ರೆಯಿಂದ ವಾಪಸ್ ಬಂದಾಗ ಇಡೀ ಚಾಳ್‌ಗೆ ಕೂಗಿ ಹೇಳಿದ್ದೆ. ಚಿಕ್ಕವನು ನಾನು. ಮರುದಿನ ಅಮ್ಮ ಇರ್ಲಿಲ್ಲ."

ಅವಳು ಮಾರ್ಕರ್ ಕೆಳಗಿಟ್ಟಳು. 'ಅಯ್ಯೋ, ಏನು ಕೇಳಿಬಿಟ್ಟೆ ನಾನು!'

ಪ್ರೀತಿ ಅಲ್ಲಿಂದಲೇ ಶುರುವಾಯಿತು. ಕಳಂಬೋಲಿಯ ಉಕ್ಕಿನ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೆಲಸ ಮಾಡುವ ರಂಜನ್ ಒಂದು ದಿನವೂ ಕ್ಲಾಸ್ ತಪ್ಪಿಸಲಿಲ್ಲ. ಮುಗಿದ ಮೇಲೆ ಸ್ಟೇಷನ್ ತನಕ ಇಬ್ಬರೂ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಅವನು ನಗುತ್ತಿದ್ದ, ಆದರೆ ನಗುವಿನ ನಡುವೆ ಒಮ್ಮೊಮ್ಮೆ ಹಿಂದಿರುಗಿ ನೋಡುತ್ತಿದ್ದ. ಆಗೆಲ್ಲ ಪ್ರಣೀತಾಳೂ ಹಿಂದೆ ನೋಡುತ್ತಿದ್ದಳು.

"ನಮ್ಮ ಮನೆಗೆ ಬನ್ನಿ," ಎಂದು ಕೊನೆಗೆ ಅವಳೇ ಕರೆದಳು.

ಆ ಭಾನುವಾರ ಅವನ ಅಪ್ಪ ಮೋಹನದಾಸರಿಗೆ ಕಲ್ಯಾಣದ ಹೋಟೆಲಿನ ಕೌಂಟರ್ ಬಿಟ್ಟು ಬರಲಾಗಲಿಲ್ಲ. ರಂಜನ್ ಒಬ್ಬನೇ ಬಂದ. ಪ್ರಣೀತಾಳ ತಾಯಿ ಹರಿಣಾಕ್ಷಿಗೆ ಹುಡುಗ ನೋಡಿದ ಕೂಡಲೇ ಹಿಡಿಸಿದ. ನೀರುದೋಸೆಯ ತಟ್ಟೆ ಎದುರಿಗೆ ಬಂತು.

"ಈಗಲಾದ್ರೂ ಹೇಳಿ... ನನಗೋಸ್ಕರ," ಪ್ರಣೀತಾ ಮೆಲ್ಲಗೆ ಕೆಣಕಿದಳು.

ಅವನು ಅವಳ ಕಣ್ಣನ್ನೇ ನೋಡಿದ. ಧೈರ್ಯ ಮಾಡಿದ.

"ಐ ಆ್ಯಮ್ ಎಕ್‌ಸ್ಟ್ಯಾಟಿಕ್ ಟುಡೇ."

ಅಷ್ಟರಲ್ಲಿ ಹರಿಣಾಕ್ಷಿ ಅಡುಗೆಮನೆಯಿಂದ ಚಟ್ನಿ ತರುತ್ತಾ ಕೇಳಿದರು, "ಹೌದು ಮಗಾ, ನಿಮ್ದು ಯಾವ ಬರಿ?"

"ಕುಂದರ್, ಆಂಟಿ."

ಹರಿಣಾಕ್ಷಿ ನಿಂತಲ್ಲೇ ನಿಂತರು.

"ದೇವರೇ... ನಮ್ದೂ ಕುಂದರ್!"

ಬರಿ ಎಂದರೆ ತುಳುವರಲ್ಲಿ ಗೋತ್ರದಂತೆ ಕುಲದ ಗುರುತು; ಒಂದೇ ಬರಿಯ ಹುಡುಗ, ಹುಡುಗಿ ಅಣ್ಣ-ತಂಗಿಯರ ಲೆಕ್ಕ. ಅಲ್ಲಿ ಮದುವೆಯ ಮಾತೇ ಏಳುವುದಿಲ್ಲ. ರಂಜನ್ ಮುರಿದ ದೋಸೆಯನ್ನು ಬಾಯಿಗಿಡಲಿಲ್ಲ. ಎದ್ದು ಕೈ ತೊಳೆದ, ಚಪ್ಪಲಿ ಮೆಟ್ಟಿದ, ಮೆಟ್ಟಿಲಿಳಿದ.

ಆಮೇಲೆ ಅವನು ಕ್ಲಾಸಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ.

'ಇಷ್ಟು ಸುಲಭವಾಗಿ ಬಿಟ್ಟುಹೋದರಾ? ಇಲ್ಲ... ಆ ಪದ ಹೇಳಿಸಿದ್ದು ನಾನೇ ಅಲ್ವಾ! ನನ್ನ ಮೇಲೆ ಕೋಪ.' ಪ್ರಣೀತಾ ಹೀಗೆ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಬೋರ್ಡಿನ ಮೇಲೆ ಖುಷಿಯ ಪದ ಯಾವುದನ್ನು ಬರೆಯಲೂ ಅವಳ ಕೈ ಬರುತ್ತಿರಲಿಲ್ಲ. ಏನೋ ಆಗಲಿದೆ, ಇನ್ನೂ ಮುಗಿದಿಲ್ಲ ಎನ್ನುವ ಹೆದರಿಕೆ ಹಗಲಲ್ಲೂ ಬಿಡುತ್ತಿರಲಿಲ್ಲ.

ಆದದ್ದೂ ಹಾಗೆಯೇ!

ಒಂದು ಸಂಜೆ ಕುಶಲ ಓಡುತ್ತಾ ಬಂದ. ಅವನೂ ಅದೇ ಮಾರ್ಕೆಟ್‌ನವನು.

"ಮಿಸ್! ರಂಜನ್‌ಗೆ ಆ್ಯಕ್ಸಿಡೆಂಟ್! ಆಫೀಸಲ್ಲಿ ಕೂತ್ರೆ ತಲೆ ಕೆಡ್ತದೆ ಅಂತ ಲೋಡಿಂಗ್ ನೋಡ್ಲಿಕ್ಕೆ ಯಾರ್ಡಿಗೆ ಹೋಗ್ತಿದ್ದ. ಇವತ್ತು ಕ್ರೇನ್‌ನಿಂದ ಉಕ್ಕಿನ ಪ್ಲೇಟ್ ಜಾರಿ ಅವನ ಮೇಲೆ ಬಿತ್ತು..."

"ಜೀವ...?"

"ಗೊತ್ತಿಲ್ಲ ಮಿಸ್. ಆಪರೇಷನ್ ನಡೀತಾ ಉಂಟು."

ಡೊಂಬಿವ್ಲಿಯಿಂದ ಕಳಂಬೋಲಿಗೆ ಆಟೋದಲ್ಲಿ ಹೋಗುವಷ್ಟೂ ಹೊತ್ತು ಅವಳು ಬಗ್ಗಿ ದಾರಿಯನ್ನೇ ನೋಡುತ್ತಿದ್ದಳು. ಶೀಲ್ ಫಾಟಾದಲ್ಲಿ ಟ್ರಾಫಿಕ್. ಎದುರಿಗೆ ಕಬ್ಬಿಣ ಹೇರಿಕೊಂಡ ಟ್ರೇಲರುಗಳು ದಾರಿ ಬಿಡದೆ ನಿಂತಿದ್ದವು. 'ನನ್ನ ಅಣ್ಣನಾಗಿಯೇ ಇರಲಿ, ಬದುಕಿರಲಿ ದೇವರೇ!' ಎಂದು ಬೇಡಿದಳು.

ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲಲ್ಲೇ ಮೋಹನದಾಸರು ತಡೆದರು.

"ನೀನೇನಾ ಆ ಟೀಚರ್? ಬೇಡ ಅಂದವರು ಈಗ ಯಾಕೆ ಬಂದ್ರಿ?"

"ಬೇಡ ಅಂದದ್ದು ನಾವಲ್ಲ ಅಂಕಲ್! ಬರಿ ಒಂದೇ ಆಯ್ತಲ್ಲ..."

"ಎಂತ ಬರಿ? ಅವ ನನ್ನತ್ರ ಎಂತದೂ ಹೇಳ್ಲಿಲ್ಲ. 'ಅವರಿಗೆ ಬೇಡವಂತೆ' ಅಂದ, ಬಾಗಿಲು ಹಾಕಿಕೊಂಡ."

"ನೀವೂ ಕುಂದರ್, ನಾವೂ ಕುಂದರ್ ಅಂಕಲ್. ಅಣ್ಣ-ತಂಗಿ..."

ಮೋಹನದಾಸರು ಅವಳನ್ನೇ ನೋಡಿದರು. ನಿಧಾನವಾಗಿ ಬೆಂಚಿನ ಮೇಲೆ ಕುಸಿದರು.

"ಕುಂದರ್ ನಾನು ಮಾರಾಯ್ತಿ! ಅವ ಹೇಗೆ ಕುಂದರ್ ಆಗ್ತಾನೆ? ಬರಿ ಬರೋದು ಅಮ್ಮನಿಂದ. ಅವ ಸಾಲ್ಯಾನ್! ಮರಾಠಿ ಹುಡುಗರೊಟ್ಟಿಗೆ ಬೆಳೆದವ, ಗೋತ್ರದ ಹಾಗೆ ಅಪ್ಪನದ್ದೇ ತನ್ನದು ಅಂದ್ಕೊಂಡಿದ್ದಾನೆ. ಹೇಳಿಕೊಡ್ಲಿಕ್ಕೆ ಅವನ ಅಮ್ಮ ಇರ್ಲಿಲ್ಲ... ನನ್ಗೆ ತೋಚಲಿಲ್ಲ."

ಪ್ರಣೀತಾ ಗೋಡೆಗೆ ಒರಗಿದಳು. ಅಡ್ಡಿ ಇಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅವನೇ ಇಲ್ಲವಾದರೆ? ಬಾಗಿಲ ಮೇಲಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು.

ಕೊನೆಗೆ ಡಾಕ್ಟರ್ ಹೊರಬಂದರು. ಕಾಲಿಗೆ ರಾಡ್ ಹಾಕಿದ್ದಾರೆ, ನಡೆಯಲು ತಿಂಗಳುಗಳೇ ಬೇಕು, ಆದರೆ ಜೀವಕ್ಕೆ ಅಪಾಯವಿಲ್ಲ!

ಮರುದಿನ ಬೆಳಗ್ಗೆ ರಂಜನ್ ಕಣ್ಣು ತೆರೆದಾಗ ಅವಳು ಮಂಚದ ಪಕ್ಕದಲ್ಲಿದ್ದಳು. ಅವನು ಮುಖ ತಿರುಗಿಸಿದ.

"ಬರಬಾರ್ದಿತ್ತು ನೀವು... ಪಾಪ ಆಗ್ತದೆ."

"ಪಾಪ ಇಲ್ಲ ರಂಜನ್. ನೀವು ಕುಂದರ್ ಅಲ್ಲ, ಸಾಲ್ಯಾನ್. ಬರಿ ಬರೋದು ಅಮ್ಮನಿಂದಂತೆ. ಅಪ್ಪ ಹೇಳಿದ್ರು."

ಅವನು ನಗಲಿಲ್ಲ. ಕಣ್ಣಿನ ಅಂಚಿನಿಂದ ನೀರು ಇಳಿದು ದಿಂಬು ಒದ್ದೆಯಾಯಿತು.

"ಅಂದ್ರೆ... ಅಮ್ಮನದ್ದು ನನ್ನತ್ರ ಉಂಟಾ?"

"ಉಂಟು."

"ಏನೂ ಬಿಡದೆ ಹೋದ್ರು ಅಂದ್ಕೊಂಡಿದ್ದೆ, ಪ್ರಣೀತಾ."

ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. "ನಿಮ್ಮನ್ನು ಪ್ರೀತಿಸ್ತೇನೆ. ಈ ಕಾಲಲ್ಲೇ ಆಗ್ಲಿ, ಕುಂಟ್ತಾನೇ ಆಗ್ಲಿ, ನನ್ನನ್ನು ಮದುವೆ ಆಗ್ಬೇಕು ನೀವು!"

ಅವನ ಬೆರಳುಗಳು ಅವಳ ಅಂಗೈಯಲ್ಲಿ ಬಿಗಿಯಾದವು.

"ಆಗ್ತೇನೆ. ಆದ್ರೆ... ಹೆದರಿಕೆ ಆಗ್ತದೆ."

"ನಂಗೂ ಆಗ್ತದೆ," ಎಂದಳು ಪ್ರಣೀತಾ. "ಇನ್ಮೇಲೆ ಒಟ್ಟಿಗೆ ಹೆದರುವ."