ಬಲಕ್ಕೆ ಬಂದ ದೀಪ

ಡ್ರಾಯರ್ ಅರ್ಧ ತೆರೆದೇ ಇತ್ತು. ನಿರ್ದೇಶಕಿ ಮತ್ತೊಮ್ಮೆ ಕೈ ಹಾಕಿ ತಡಕಾಡಿದಳು. ಹಳೆಯ ಚಿತ್ರಕಥೆಯ ಹಾಳೆಗಳಿದ್ದವು, ಮುರಿದ ಪೆನ್ಸಿಲ್ ಇತ್ತು. ಹಾರ್ಡ್ ಡಿಸ್ಕ್ ಇರಲಿಲ್ಲ.

ಅವಳ ಮೊದಲ ಕಿರುಚಿತ್ರ ಅದರಲ್ಲಿತ್ತು. ಹದಿನಾಲ್ಕು ನಿಮಿಷದ ಚಿತ್ರ. ಎರಡು ವರ್ಷದ ದುಡಿಮೆ. ಸ್ಪರ್ಧೆಗೆ ಕಳಿಸಲು ಇವತ್ತು ಸಂಜೆ ಐದರ ಗಡುವು. ಕಳೆದ ವಾರವಷ್ಟೇ ಚಿತ್ರದ ಅಂತ್ಯವನ್ನು ಬದಲಿಸಿ, ತಾನೇ ಕೂತು ಹೊಸದಾಗಿ ಜೋಡಿಸಿದ್ದಳು. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವ ಬುದ್ಧಿ ಮಾತ್ರ ಬಂದಿರಲಿಲ್ಲ.

"ಬಾಗಿಲು ಮುರಿದಿಲ್ಲ," ಎಂದಳು ಚಿಕ್ಕಮ್ಮ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಆಕೆಯದು. ಇದೇ ಮನೆಯಲ್ಲಿ ನಡೆದ ಆರು ದಿನದ ಚಿತ್ರೀಕರಣಕ್ಕೆ ರಜೆ ಹಾಕಿ, ಯಾವ ವಸ್ತು ಎಲ್ಲಿತ್ತು ಎಂದು ಬರೆದಿಡುವ ಹೊಣೆ ಹೊತ್ತಿದ್ದಳು. ಲೋಟವೊಂದು ಅತ್ತಿತ್ತ ಸರಿದರೂ ಎಲ್ಲರನ್ನೂ ತಡೆದು ನಿಲ್ಲಿಸುತ್ತಿದ್ದಳು. "ಮೀಟರ್ ಪೆಟ್ಟಿಗೆ ಹಿಂದಿನ ಕೀಲಿ ಯಾರಿಗೆಲ್ಲ ಗೊತ್ತು?"

"ಎಲ್ಲರಿಗೂ. ಸಿನಿಮಾದಲ್ಲೇ ತೋರಿಸಿದೀವಲ್ಲ!"

"ಜಾಣೆ! ನಿನ್ನೆ ಮಧ್ಯಾಹ್ನ ನಾವಿಬ್ರೂ ಪೋಸ್ಟರ್ ತರೋಕೆ ಹೋಗಿದ್ದು?"

"ಮೂರೇ ಜನಕ್ಕೆ ಹೇಳಿದ್ದೆ."

ನಿರ್ದೇಶಕಿ ಮೇಜಿನ ಮುಂದೆ ಕೂತು ಆ ಮೂವರ ಪಟ್ಟಿ ಬರೆಯತೊಡಗಿದಳು. ಆ ಕೋಣೆಗೆ ಹಗಲಲ್ಲೂ ದೀಪ ಬೇಕು. ಬರೆಯುವ ಕಡೆಗೇ ಕೈಯ ನೆರಳು ಬಿದ್ದು ಕಿರಿಕಿರಿಯಾಯಿತು. ಕಾಗದವನ್ನು ಓರೆ ಮಾಡಿಕೊಂಡಳು. ಚಿಕ್ಕಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು.

ಹನ್ನೆರಡಕ್ಕೆ ಮೂವರೂ ಬಂದರು.

"ನಾನು ಅಳೋ ದೃಶ್ಯ ಕಿತ್ತು ಹಾಕಿದ್ರಿ," ಎಂದ ನಟ. "ಸಿಟ್ಟು ಬಂದಿತ್ತು—ನಿಜ. ಅದಕ್ಕೆ ಕಳ್ಳತನ ಮಾಡ್ತೀನಾ?"

"ನನ್ನ ಕೆಲಸ ನಾಲ್ಕು ಜನ ನೋಡ್ಲಿ ಅಂತ ಕಾಯ್ತಾ ಇರೋನು ನಾನು," ಎಂದ ಕ್ಯಾಮೆರಾದವನು. "ಬಚ್ಚಿಟ್ಟು ಏನು ಮಾಡ್ಲಿ?"

ಎಡಿಟರ್ ಮಾತ್ರ ಶಾಂತವಾಗಿದ್ದ. "ನಾನು ಈ ಮನೆ ಹೊಸ್ತಿಲು ತುಳೀತಿರೋದೇ ಇವತ್ತು. ಆದದ್ದಾಯ್ತು ಮೇಡಂ. ನನ್ನ ಹತ್ರ ಹಳೇ ಪ್ರತಿ ಇದೆ, ಅದನ್ನೇ ಕಳಿಸೋಣ."

ನಿರ್ದೇಶಕಿಗೆ ಅಳು ಬಂದಂತಾಯಿತು. ಒಪ್ಪದೆ ಬೇರೆ ದಾರಿಯೇ ಇರಲಿಲ್ಲ.

"ಸ್ವಲ್ಪ ತಡಿ," ಎಂದಳು ಚಿಕ್ಕಮ್ಮ. "ಈ ಡ್ರಾಯರ್ ಮಹಾ ಮೊಂಡು. ಮೇಜಿನ ಹಲಗೆ ಎತ್ತಿ ಹಿಡಿದ್ರೆ ಮಾತ್ರ ಬರುತ್ತೆ. ತಗೊಂಡೋರು ಮೇಲಿದ್ದ ದೀಪ, ಹೂದಾನಿ ಕೆಳಗಿಟ್ಟಿದಾರೆ. ಆಮೇಲೆ ಗಡಿಬಿಡಿಯಲ್ಲಿ ವಾಪಸ್ ಇಟ್ಟಿದಾರೆ—ಅದಲುಬದಲಾಗಿ! ದೀಪ ಯಾವಾಗ್ಲೂ ಎಡಕ್ಕಿರುತ್ತೆ. ಇವತ್ತು ಬಲಕ್ಕಿದೆ. ಇವಳ ಕೈಯ ನೆರಳೇ ಹೇಳ್ತು."

"ಯಾರು ಬೇಕಾದ್ರೂ ತಪ್ಪಿಡಬಹುದಲ್ಲ?" ಎಡಿಟರ್ ನಕ್ಕ.

"ಆರು ದಿನ ಆ ದೀಪ ಹಚ್ಚಿದೋನು ಕ್ಯಾಮೆರಾದವನು. ಅದರ ಪಕ್ಕ ಕೂತೋನು ನಟ. ಇಬ್ರಿಗೂ ಜಾಗ ಬಾಯಿಪಾಠ. ಸರಿ, ಸಿನಿಮಾದಲ್ಲಿ ದೀಪ ಎಲ್ಲಿದೆ?"

ನಿರ್ದೇಶಕಿಗೆ ಥಟ್ಟನೆ ನೆನಪಾಯಿತು. ಬಲಕ್ಕೆ! ಚಿತ್ರದಲ್ಲಿ ಮೇಜು ಕಾಣುವ ಒಂದೇ ದೃಶ್ಯ ಅದು; ನಟನ ನೋಟ ತಪ್ಪು ದಿಕ್ಕಿಗಿತ್ತು. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಅದನ್ನು ಉಳಿಸಿಕೊಟ್ಟವನು ಎಡಿಟರ್.

"ಈ ಕೋಣೆಯನ್ನ ತಿಂಗಳುಗಟ್ಟಲೆ ನೋಡಿ, ಅದೂ ಪರದೆ ಮೇಲೆ ಮಾತ್ರ ನೋಡಿ ಗೊತ್ತಿರೋನು ನೀನೊಬ್ನೇ," ಎಂದಳು ಚಿಕ್ಕಮ್ಮ.

ಎಡಿಟರ್ ಚೀಲದಿಂದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ.

"ಏನೂ ಅಳಿಸಿಲ್ಲ. ಆ ಹಳೇ ಅಂತ್ಯ ನಾನು ಎಂಟು ತಿಂಗಳು ಕೂತು ಕಟ್ಟಿದ್ದು. ಬದಲಾಯಿಸೋ ಮುಂಚೆ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ನೋಡಿದ್ರಾ, ಹೊಸದನ್ನ?"

"ನೋಡಿದೆ."

"ಹೇಗಿದೆ?"

"ಚೆನ್ನಾಗಿದೆ," ಎಂದ ಅವನು. "ಅದೇ ಹೊಟ್ಟೆ ಉರಿಸಿದ್ದು."

ಎಲ್ಲರೂ ಹೋದ ಮೇಲೆ ನಿರ್ದೇಶಕಿ ದೀಪವನ್ನು ಎಡಕ್ಕಿಟ್ಟು, ಚಿತ್ರ ಕಳಿಸಲು ಕೂತಳು.

"ಅವನ ಹೆಸರು ತೆಗೀತೀಯಾ?" ಚಿಕ್ಕಮ್ಮ ಕೇಳಿದಳು.

"ಇಲ್ಲ, ಇರ್ಲಿ. ಆ ದೃಶ್ಯ ಉಳಿಸಿದ್ದು ಅವನೇ." ಅವಳು ಗಡಿಯಾರ ನೋಡಿದಳು, ನಾಲ್ಕೂವರೆ. "ಮೀಟರ್ ಪೆಟ್ಟಿಗೆ ಹಿಂದಿನ ಕೀಲಿ ಮಾತ್ರ ತೆಗೆದುಬಿಡು, ಚಿಕ್ಕಮ್ಮ."