ಒಂದೇ ಮಗ್ ಬಿಳಿ

"ಒಣಗಿದ ಮೇಲೆ ಸರಿಹೋಗುತ್ತೆ ಕಣೋ."

"ಒಣಗಿ ಎಷ್ಟೋ ಹೊತ್ತಾಯ್ತು," ಎಂದ ಅಣ್ಣ. "ಮುಟ್ಟಿ ನೋಡು."

ಚಿನಕುರುಳಿ ಮುಟ್ಟಿ ನೋಡಿದಳು. (ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.) ಬೆರಳಿಗೆ ಬಣ್ಣ ಹತ್ತಲಿಲ್ಲ. ಗೋಡೆಯ ಮೇಲ್ಭಾಗವೆಲ್ಲ ಗಾಢ ನೀಲಿ. ಅದರ ಕೆಳಗೆ ಅವಳು ಬಳಿದ ಪಟ್ಟಿ ಮಾತ್ರ ಪೇಲವ. ನಡುವೆ ಗೆರೆ ಎಳೆದ ಹಾಗಿತ್ತು.

ಅದು ಅಣ್ಣ ತಂಗಿ ಇಬ್ಬರೂ ಮಲಗುವ ಕೋಣೆ. ಪೇಂಟರ್ ಚಿಕ್ಕಮ್ಮ ಬೆಳಗ್ಗೆಯಿಂದ ಬಣ್ಣ ಹೊಡೆಯುತ್ತಿದ್ದಳು. ಪ್ರತಿ ಸಲವೂ ಮೂರು ಮಗ್ ನೀಲಿಗೆ ಒಂದು ಮಗ್ ಬಿಳಿ. ಕೊನೆಯ ಗೋಡೆಯ ಕೆಳಭಾಗ ಉಳಿದಾಗ ಊಟಕ್ಕೆ ಎದ್ದಳು. "ಈ ಬಕೆಟ್ ನಾನೇ ಕಲಸ್ತೀನಿ" ಎಂದು ಚಿನಕುರುಳಿ ಹಟ ಹಿಡಿದಿದ್ದಳು. ಅಣ್ಣ ಬೇಡವೆಂದರೂ ಕೇಳಿರಲಿಲ್ಲ.

ಡಬ್ಬದಲ್ಲಿ ಉಳಿದಿದ್ದ ನೀಲಿ ಎರಡೇ ಮಗ್. ಅದಕ್ಕೆ ಒಂದು ಮಗ್ ಬಿಳಿ ಸುರಿದಿದ್ದಳು.

"ಬಿಳಿ ಜಾಸ್ತಿ ಹಾಕಿದ್ದೀಯ."

"ಇಲ್ಲ. ಚಿಕ್ಕಮ್ಮನೂ ಒಂದೇ ಮಗ್, ನಾನೂ ಒಂದೇ ಮಗ್. ಅವಳದ್ದು ನಾಲ್ಕರಲ್ಲಿ ಮೂರು ನೀಲಿ. ನಂದು ಮೂರರಲ್ಲಿ ಎರಡು. ಎರಡರಲ್ಲೂ ಪೂರ್ತಿಗೆ ಒಂದೇ ಕಡಿಮೆ. ಎರಡೂ ಸಮ."

"ನೀನು ಸಮ ಅಂತೀಯ. ಗೋಡೆ ಒಪ್ತಿಲ್ಲ. ಇನ್ನು ದಿನಾ ರಾತ್ರಿ ಈ ತೇಪೆ ನೋಡ್ಕೊಂಡು ಮಲಗ್ಬೇಕು."

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಗೋಡೆ ನೋಡಿದಳು, ಖಾಲಿ ಡಬ್ಬ ನೋಡಿದಳು. ಬೈಯಲಿಲ್ಲ.

"ನನ್ನ ಒಂದು ಮಗ್ ಬಿಳಿ ಎಷ್ಟು ಮಗ್ ನೀಲಿಗೆ ಹಂಚಿಹೋಯ್ತೇ?"

"ಮೂರಕ್ಕೆ."

"ನಿಂದು?"

"ಎರ..." ಚಿನಕುರುಳಿ ಬಕೆಟ್ ಕಡೆ ನೋಡಿದಳು. "ಓ. ಮೂರರಲ್ಲಿ ಒಂದು ಅಂದ್ರೆ ದೊಡ್ಡ ಕಡಿಮೆ. ನಾಲ್ಕರಲ್ಲಿ ಒಂದು ಚಿಕ್ಕ ಕಡಿಮೆ."

"ಹೂಂ. ಈಗೇನ್ಮಾಡೋಣ? ಅಂಗಡಿಗೆ ಇವತ್ತು ರಜ. ಸಂಜೆ ಬಸ್ಸಿಗೆ ನಾನು ಹೊರಟ್ರೆ ಎರಡು ತಿಂಗಳು ಈ ಕಡೆ ಬರಲ್ಲ. ನೀಲಿ ತೊಟ್ಟೂ ಇಲ್ಲ. ಬಿಳಿ ಬೇಕಾದಷ್ಟಿದೆ."

ಚಿನಕುರುಳಿ ಉಗುರು ಕಚ್ಚುತ್ತ ನಿಂತಳು.

"ಇನ್ನೂ ಬಿಳಿ ಹಾಕೋಣ," ಎಂದಳು ಕೊನೆಗೆ.

"ತಲೆ ಕೆಟ್ಟಿದೆಯಾ?" ಅಣ್ಣ ಕೇಳಿದ.

"ಒಂದೇ ಪಟ್ಟಿ ಇದ್ರೆ ತಪ್ಪಿದ ಹಾಗೆ ಕಾಣುತ್ತೆ. ಅದರ ಕೆಳಗೆ ಇನ್ನೂ ತಿಳಿ, ಅದರ ಕೆಳಗೆ ಇನ್ನೂ ತಿಳಿ ಬಂದ್ರೆ, ಬೇಕಂತಲೇ ಮಾಡಿದ ಹಾಗೆ."

ಚಿಕ್ಕಮ್ಮನಿಗೆ ನಗು ಬಂತು. ಬಕೆಟ್‌ನಲ್ಲಿದ್ದುದನ್ನು ಅಳೆದಳು. ಒಂದೂವರೆ ಮಗ್. "ಅಳತೆ ನಿಂದೇ. ಹೇಳು."

"ಇದರಲ್ಲಿ ನೀಲಿ ಒಂದು, ಬಿಳಿ ಅರ್ಧ. ಇನ್ನರ್ಧ ಮಗ್ ಬಿಳಿ ಹಾಕಿದ್ರೆ ಒಂದಕ್ಕೊಂದು. ಅರ್ಧ ನೀಲಿ."

ಟೇಪ್ ಅಂಟಿಸಿ ಎರಡನೇ ಪಟ್ಟಿ ಬಳಿದರು. ಬಕೆಟ್‌ನಲ್ಲಿ ಒಂದು ಮಗ್ ಉಳಿಯಿತು. ಅದಕ್ಕೆ ಮತ್ತೆ ಅರ್ಧ ಮಗ್ ಬಿಳಿ ಸೇರಿದಾಗ ನೀಲಿ ಮೂರರಲ್ಲಿ ಒಂದು ಪಾಲಾಯಿತು. ನೆಲ ಮುಟ್ಟುವ ಕೊನೆಯ ಪಟ್ಟಿಗೆ ಅಷ್ಟು ಸಾಕಾಯಿತು.

ಚಿಕ್ಕಮ್ಮ ಬಸ್ಸಿಗೆ ಹೋದ ಮೇಲೆ ಅಣ್ಣ ಮಂಚದ ಮೇಲೆ ಮಲಗಿ ಗೋಡೆಯನ್ನೇ ನೋಡಿದ. ಚೆನ್ನಾಗಿದೆ ಎಂದು ಹೇಳಲು ಅವನಿಗೆ ಮನಸ್ಸಿರಲಿಲ್ಲ.

"ಸರಿ, ನಾಲ್ಕು ಮಗ್ ನೀಲಿಗೆ ಒಂದು ಮಗ್ ಬಿಳಿ ಕಲಸಿದ್ರೆ? ಅದರಲ್ಲೂ ಒಂದೇ ಕಡಿಮೆ. ಆ ಪಟ್ಟಿ ಎಲ್ಲಿ ಬರುತ್ತೆ?"

ಚಿನಕುರುಳಿಯ ಬೆರಳು ನೆಲದ ಹತ್ತಿರದಿಂದ ಹೊರಟು ಒಂದೊಂದೇ ಪಟ್ಟಿಯನ್ನು ದಾಟಿತು. ಗಾಢ ನೀಲಿಯನ್ನೂ ದಾಟಿ ಚಾವಣಿಯ ಕಡೆ ತೋರಿಸಿ ನಿಂತಿತು.

"ಅದು ಇದಕ್ಕಿಂತ ಗಾಢ. ಅದಕ್ಕಿಲ್ಲಿ ಜಾಗ ಇಲ್ಲ," ಎಂದಳು. "ಮೇಲಿನ ಮನೆಯವರನ್ನ ಕೇಳ್ಬೇಕು."