ಖಾನಾಪುರದ ಪಾಲು

‘ಟಿಕ್’ ಎಂದಿತು ಲ್ಯಾಪ್‌ಟಾಪ್. ರಾತ್ರಿ ಹನ್ನೊಂದೂವರೆಗೆ, ಆ ಸಣ್ಣ ಸದ್ದಿನೊಂದಿಗೆ ವಿಕ್ರಮನ ಮುಖ ಪರದೆಯಿಂದ ಹೋಯಿತು.

ಅದಕ್ಕೂ ಮೊದಲು ನಾನು ಒಂದೇ ಮಾತು ಕೇಳಿದ್ದೆ. “ನಾಳೆ ಹತ್ತಕ್ಕ ಹಿಂದವಾಡಿ ಮಂದಿ ನನ್ನ ನೋಡಾಕ ಬರ್ತಾರ. ಅವರಿಗಿಂತ ಮೊದಲ ಬಂದು ಅಪ್ಪಾರ ಮುಂದ ಮಾತಾಡ್ತಿಯೋ ಇಲ್ಲೋ?”

ಅವನು ಏನೂ ಹೇಳಲಿಲ್ಲ. ಅರೆತೆರೆದ ತುಟಿ, ನನ್ನನ್ನೇ ನೋಡುವ ಕಣ್ಣು. ಇಪ್ಪತ್ತು ಸೆಕೆಂಡು ಎಣಿಸಿದೆ. ಆಮೇಲೆ ಟಿಕ್.

ನಮ್ಮ ಮನೆಯಲ್ಲಿ ಮರಾಠಿ ಹುಡುಗನ ಹೆಸರೆತ್ತುವುದು ಸುಲಭವಲ್ಲ. ಹೆದರಿದ ಅಂದುಕೊಂಡೆ. ದಿಂಬಿಗೆ ಮುಖ ಒತ್ತಿ ಅತ್ತೆ.

ಅಳು ನಿಂತ ಮೇಲೆ, ಅಭ್ಯಾಸಬಲದಿಂದ, ಸರ್ವರ್ ನೋಡಿದೆ. ಬೆಳಗಾವಿಯ ಕಾಲೇಜೊಂದರ ನೆಟ್‌ವರ್ಕ್ ನನ್ನ ಕೆಲಸ. ಅದರ ಖಾನಾಪುರ ಕೇಂದ್ರದ ಲೈಬ್ರರಿ ನೋಡಿಕೊಳ್ಳುವವನು ವಿಕ್ರಮ; ಪರೀಕ್ಷೆಯ ದಿನಗಳಲ್ಲಿ ಅದು ರಾತ್ರಿಯೂ ತೆರೆದಿರುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಇಂಟರ್‌ನೆಟ್ಟೆಲ್ಲ ನನ್ನ ಪ್ರಾಕ್ಸಿ ಸರ್ವರ್ ದಾಟಿಯೇ ಹೋಗಬೇಕು. ಒಬ್ಬೊಬ್ಬರಿಗೂ ವೇಗದ ಮಿತಿ ಹಾಕಲು ಪ್ರಿನ್ಸಿಪಾಲರು ಹೇಳಿದ್ದರು. ಸಂಜೆಯಷ್ಟೇ ಹಾಕಿದ್ದೆ.

ಈಗ ಆ ಮಿತಿ ಬರೆದಿದ್ದ ಸಾಲನ್ನು ಮತ್ತೊಮ್ಮೆ ಓದಿದೆ. ಖಾನಾಪುರದಲ್ಲಿ ಒಬ್ಬರಿಗೆ ಹಾಕಬೇಕಾದ ಮಿತಿಯನ್ನು ಇಡೀ ಕೇಂದ್ರಕ್ಕೆ ಹಾಕಿಬಿಟ್ಟಿದ್ದೆ. ಪರೀಕ್ಷೆಗೆಂದು ವಿಡಿಯೊ ನೋಡುತ್ತಿದ್ದ ನಲವತ್ತು ಮಂದಿ ಒಬ್ಬರ ಪಾಲನ್ನು ಹಂಚಿಕೊಂಡಿದ್ದರು. ಅವನು ಉತ್ತರ ಕೊಟ್ಟಿದ್ದರೂ ಅದು ನನ್ನವರೆಗೆ ಬರಲು ದಾರಿಯೇ ಇರಲಿಲ್ಲ.

ತಿದ್ದಿದೆ. ಏಳು ಸಲ ಕರೆದೆ. ಅವನು ಆಫ್‌ಲೈನ್.

ಬೆಳಿಗ್ಗೆ ಆರಕ್ಕೆ, ಸರ್ವರ್ ಕೆಟ್ಟಿದೆ ಎಂದು ಅವ್ವನಿಗೆ ಹೇಳಿ ಹೊರಟೆ.

“ಹತ್ತರೊಳಗ ಬಾ. ಸೀರಿ ಉಡಬೇಕು,” ಎಂದಳು ಅವ್ವ, ನನ್ನ ಕಣ್ಣನ್ನು ನೋಡದೆ.

ಖಾನಾಪುರದ ಬಸ್ ದಾರಿಯ ಪೀರನವಾಡಿಯಲ್ಲಿ ನಿಂತಾಗ ಕಿಟಕಿಯಾಚೆ ಕಂಡ: ಚಹಾದಂಗಡಿಯ ಮುಂದೆ, ಬೈಕಿಗೆ ಒರಗಿ. ಇಸ್ತ್ರಿಯ ಬಿಳಿ ಶರ್ಟು, ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ಟಿಕೀಟು ಇನ್ನೂ ಮುಂದಿನದು ಎಂದು ಕಂಡಕ್ಟರ್ ಕೂಗುತ್ತಿದ್ದಂತೆ ಇಳಿದೆ.

“ಎಲ್ಲಿ ಹೊಂಟೀರಿ ಮೇಡಮ್?” ಅವನ ಕಣ್ಣೂ ಕೆಂಪಗಿತ್ತು.

“ನೀ ಎಲ್ಲಿ ಹೊಂಟಿ?”

“ನಿಮ್ಮ ಮನಿಗೆ. ರಾತ್ರಿ ಮೂರು ಸಲ ಹೇಳಿದೆ, ಬರ್ತೀನಿ ಅಂತ. ನೀ ಕಲ್ಲಿನಂಗ ಕುಂತಿದ್ದಿ ಮೇಘಾ.” ಚಹಾದ ಗ್ಲಾಸನ್ನು ಬೈಕಿನ ಸೀಟಿನ ಮೇಲಿಟ್ಟ. “ಮನಸ್ಸು ಬದಲಾಗಿದ್ರ ಎದುರಿಗೆ ಹೇಳಲಿ ಅಂತ ಹೊಂಟೆ.”

“ಬ್ಯಾಡ ಅಂದ್ರ?”

“ಅಂದ್ರ ಈ ಗುಂಡಿನರ ಸರಿ ಮಾಡಿ ಕಳಸು.”

ಅಂಗಡಿಯ ಮಂದಿಯೆಲ್ಲ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಯಾರು ನೋಡುತ್ತಾರೆಂದು ನಾನು ತಿರುಗಿ ನೋಡಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ ಹಾಕಿದೆ. ಕೊನೆಯದರ ಹೊತ್ತಿಗೆ ಅವನ ಎದೆಬಡಿತ ನನ್ನ ಬೆರಳಿಗೆ ತಾಗುತ್ತಿತ್ತು.

“ಬ್ಯಾಡ ಅನ್ನೋರು ಇಷ್ಟು ಚಂದ ಹಾಕ್ತಾರೇನು?” ಎಂದ ಮೆಲ್ಲಗೆ.

“ಹಾಕಂಗಿಲ್ಲ.”

ರಾತ್ರಿ ನನ್ನ ಪರದೆಯೂ ನಿಂತುಬಿಟ್ಟಿತ್ತು, ಅವನ ಮಾತು ಕೇಳಿಸಲೇ ಇಲ್ಲ ಎಂದಷ್ಟೇ ಹೇಳಿದೆ. ಬೈಕ್ ಬೆಳಗಾವಿಯ ಕಡೆ ತಿರುಗಿತು. “ರಸ್ತಾ ಅಗಿಯೋ ಮಂದಿ ಕೇಬಲ್ ಕಡದಿರಬೇಕು ನೋಡು. ಪಾಪ, ನಿನಗ ರಾತ್ರಿಯೆಲ್ಲ ಕೆಲಸ ಆಗಿರ್ತದ,” ಎಂದ ವಿಕ್ರಮ.

“ಆಗಿತ್ತು,” ಎಂದೆ, ಅವನ ಬೆನ್ನಿಗೆ ಹಣೆಯಿಟ್ಟು. ಆ ಒಂದು ಸಾಲಿನ ವಿಷಯ ಅವನಿಗೂ, ಪ್ರಿನ್ಸಿಪಾಲರಿಗೂ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ ನಿರ್ಧರಿಸಿದೆ.